ಸಮೂಹ ಸಂಗ್ರಹಣಾ ವ್ಯವಸ್ಥೆಗೆ ಕಾರ್ಯಕ್ಷಮತಾ ನಿಗಾ ತಂತ್ರಾಂಶ: ಕೈಯಾರೆ ಅಳವಡಿಸುವ ಕ್ರಮ

ಅಂಗಡಿಯ ಬಾಗಿಲು ಮುಚ್ಚಿದ್ದರೆ ಅದು ಮಾಲೀಕನಿಗೂ ತಿಳಿಯುತ್ತದೆ, ಗಿರಾಕಿಗೂ ತಿಳಿಯುತ್ತದೆ. ಬಾಗಿಲು ತೆರೆದೇ ಇದ್ದು, ಕೇಳಿದ ಸರಕು ಗೋದಾಮಿನಿಂದ ಬರುವುದು ಮಾತ್ರ ದಿನದಿಂದ ದಿನಕ್ಕೆ ತಡವಾಗುತ್ತಿದ್ದರೆ ಅದರ ಕಾರಣ ಯಾರಿಗೂ ಬೇಗ ಹೊಳೆಯುವುದಿಲ್ಲ. ಅಷ್ಟರಲ್ಲಿ ಗಿರಾಕಿ ಸದ್ದಿಲ್ಲದೆ ಬೇರೆ ಅಂಗಡಿಯ ಮೆಟ್ಟಿಲು ಹತ್ತಿರುತ್ತಾನೆ. ಉದ್ದಿಮೆಗಳ ದತ್ತಾಂಶವನ್ನು ಕಾಯುವ ಸಂಗ್ರಹಣಾ ವ್ಯವಸ್ಥೆಗೂ ಈ ಮಾತು ಅನ್ವಯಿಸುತ್ತದೆ. ವ್ಯವಸ್ಥೆ ಪೂರ್ಣವಾಗಿ ನಿಂತಾಗ ಎಲ್ಲರೂ ಓಡಿ ಬರುತ್ತಾರೆ. ಅದು ನಿಧಾನವಾದಾಗ ಬರುವವರು ಯಾರೂ ಇಲ್ಲ.

ಜಯನಗರ, ಜೆ.ಪಿ. ನಗರ, ಬನಶಂಕರಿ ಮತ್ತು ಬಿ.ಟಿ.ಎಂ. ಬಡಾವಣೆಗಳಲ್ಲಿ ರೋಗನಿರ್ಣಯ ಕೇಂದ್ರಗಳು, ವಾಸ್ತುಶಿಲ್ಪಿಗಳ ಕಚೇರಿಗಳು, ಮುದ್ರಣಾಲಯಗಳು, ದೃಶ್ಯ ಸಂಕಲನದ ಕೊಠಡಿಗಳು, ಸಣ್ಣ ತಂತ್ರಾಂಶ ಸಂಸ್ಥೆಗಳು ಮನೆಗಳ ನಡುವೆಯೇ ನೆಲೆಸಿವೆ. ಇಂತಹ ಕಚೇರಿಗಳಲ್ಲಿ ದತ್ತಾಂಶವು ಒಂದೇ ಯಂತ್ರದ ಮಿತಿಯನ್ನು ಮೀರಿದಾಗ ಮೂರು ನಾಲ್ಕು ಸರ್ವರುಗಳನ್ನು ಒಂದುಗೂಡಿಸಿ ಸಮೂಹ ಸಂಗ್ರಹಣೆಯನ್ನು ಕಟ್ಟಿಕೊಳ್ಳಬಹುದು. ಕಟ್ಟಿದ ಮೇಲೆ ಅದರ ಮೇಲೆ ನಿಗಾ ಇಡುವ ತಂತ್ರಾಂಶವನ್ನು ಅಳವಡಿಸುವ ಕೆಲಸ ಬಹುತೇಕ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಆ ಕೆಲಸವನ್ನು ಕೈಯಾರೆ, ಕ್ರಮವಾಗಿ ಮಾಡುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ಗ್ಲಸ್ಟರ್ ಮತ್ತು ಬೆಂಗಳೂರು

ಸಮೂಹ ಸಂಗ್ರಹಣೆಯ ತಂತ್ರಾಂಶಗಳಲ್ಲಿ ಗ್ಲಸ್ಟರ್ ಎಂಬುದಕ್ಕೆ ಬೆಂಗಳೂರಿನೊಡನೆ ನೇರ ಸಂಬಂಧವಿದೆ. ಆನಂದ್ ಬಾಬು ಪೆರಿಯಸಾಮಿ ಮತ್ತು ಹಿತೇಶ್ ಚೆಲ್ಲಾನಿ ಅವರು 2005ರಲ್ಲಿ ಆರಂಭಿಸಿದ ಈ ಸಂಸ್ಥೆಯ ತಾಂತ್ರಿಕ ಕೆಲಸದ ದೊಡ್ಡ ಭಾಗ ಬೆಂಗಳೂರಿನಲ್ಲಿಯೇ ನಡೆಯಿತು. 2011ರ ಅಕ್ಟೋಬರಿನಲ್ಲಿ ರೆಡ್ ಹ್ಯಾಟ್ ಸಂಸ್ಥೆಯು ಸುಮಾರು 13.6 ಕೋಟಿ ಡಾಲರಿಗೆ ಅದನ್ನು ಖರೀದಿಸುವುದಾಗಿ ಪ್ರಕಟಿಸಿತು. ಅನಂತರ ಬನ್ನೇರುಘಟ್ಟ ರಸ್ತೆಯಲ್ಲಿದ್ದ ರೆಡ್ ಹ್ಯಾಟ್ ಕಚೇರಿಯ ಎಂಜಿನಿಯರುಗಳು ಅದನ್ನು ಬೆಳೆಸಿದರು.

ರೆಡ್ ಹ್ಯಾಟ್ ತನ್ನ ಹೆಸರಿನಲ್ಲಿ ಮಾರುತ್ತಿದ್ದ ಗ್ಲಸ್ಟರ್ ಉತ್ಪನ್ನದ ಬೆಂಬಲವು 2024ರ ಡಿಸೆಂಬರ್ 31ರಂದು ಕೊನೆಗೊಂಡಿತು. ಮುಕ್ತ ಆಕರದ ಆವೃತ್ತಿಯನ್ನು ಬಳಸುವವರು ಇಂದು ತಮ್ಮ ವ್ಯವಸ್ಥೆಯ ಯೋಗಕ್ಷೇಮವನ್ನು ತಾವೇ ನೋಡಿಕೊಳ್ಳಬೇಕು. ಮಾರಾಟಗಾರರು ಕೊಡುತ್ತಿದ್ದ ಸಿದ್ಧ ನಿಗಾ ಸಾಧನಗಳನ್ನು ನೆಚ್ಚಿಕೊಳ್ಳುವ ಕಾಲ ಅವರ ಪಾಲಿಗೆ ಮುಗಿದಿದೆ. ಆದುದರಿಂದ ಕೈಯಾರೆ ಅಳವಡಿಸುವ ವಿದ್ಯೆಗೆ ಹೆಚ್ಚಿನ ಮಹತ್ವ ಬಂದಿದೆ.

ಗ್ಲಸ್ಟರಿನಲ್ಲಿ ಪ್ರತಿಯೊಂದು ಸರ್ವರಿನ ಡಿಸ್ಕಿನ ಒಂದು ಭಾಗಕ್ಕೆ ‘ಬ್ರಿಕ್’ ಎಂದು ಹೆಸರು. ಇಟ್ಟಿಗೆಗಳಿಂದ ಗೋಡೆ ಕಟ್ಟುವಂತೆ ಹಲವು ಬ್ರಿಕ್‌ಗಳನ್ನು ಸೇರಿಸಿ ಒಂದು ‘ವಾಲ್ಯೂಮ್’ ರಚಿಸಲಾಗುತ್ತದೆ. ಮೂರು ಪ್ರತಿಗಳ ವ್ಯವಸ್ಥೆಯಲ್ಲಿ ಪ್ರತಿಯೊಂದು ಕಡತವೂ ಮೂರು ಸರ್ವರುಗಳಲ್ಲಿ ಇರುತ್ತದೆ. ಒಂದು ಸರ್ವರ್ ಕೆಟ್ಟರೂ ಕೆಲಸ ನಡೆಯುತ್ತದೆ. ಕೆಟ್ಟದ್ದು ಮರಳಿ ಬಂದಾಗ ಅದರಲ್ಲಿ ಹಳತಾಗಿ ಉಳಿದ ಕಡತಗಳನ್ನು ಸರಿಪಡಿಸುವ ‘ಹೀಲ್’ ಎಂಬ ಕ್ರಿಯೆ ನಡೆಯುತ್ತದೆ. ಕೋರಂ ನಿಯಮ ಜಾರಿಯಲ್ಲಿರುವಾಗ ಮೂರರಲ್ಲಿ ಎರಡು ಸರ್ವರುಗಳು ಕೈಕೊಟ್ಟರೆ ಬರವಣಿಗೆ ನಿಲ್ಲುತ್ತದೆ.

ಒಂದು ಉದಾಹರಣೆ

ವಿಷಯದ ತೂಕ ತಿಳಿಯಲು ಬನಶಂಕರಿಯಲ್ಲಿ ಒಂದು ರೋಗನಿರ್ಣಯ ಕೇಂದ್ರವಿದೆ ಎಂದು ಊಹಿಸಿಕೊಳ್ಳಬಹುದು. ಅಲ್ಲಿ ಮೂರು ಗ್ಲಸ್ಟರ್ ಸರ್ವರುಗಳಿವೆ, ಸಿ.ಟಿ. ಸ್ಕ್ಯಾನ್ ಚಿತ್ರಗಳನ್ನು ಸ್ವೀಕರಿಸಿ ಅವುಗಳಲ್ಲಿ ಬರೆಯುವ ನಾಲ್ಕನೆಯ ಯಂತ್ರವೊಂದಿದೆ. ಎಲ್ಲವೂ 1 ಗಿಗಾಬಿಟ್ ಜಾಲದಲ್ಲಿವೆ. ಸಿ.ಟಿ.ಯ ಒಂದು ಪದರ ಚಿತ್ರವು ಸಾಮಾನ್ಯವಾಗಿ ಅಡ್ಡಕ್ಕೆ 512, ಉದ್ದಕ್ಕೆ 512 ಬಿಂದುಗಳದು. ಬಿಂದುವಿಗೆ 2 ಬೈಟ್‌ನಂತೆ ಲೆಕ್ಕ ಹಾಕಿದರೆ ಒಂದು ಚಿತ್ರಕ್ಕೆ ಸುಮಾರು ಅರ್ಧ ಮೆಗಾಬೈಟ್ ಆಗುತ್ತದೆ. 800 ಪದರಗಳ ಪರೀಕ್ಷೆಯೊಂದು 400 ಮೆಗಾಬೈಟ್, ಅಂದರೆ 800 ಪುಟ್ಟ ಕಡತಗಳು.

ಬೆಳಗಿನ ದಟ್ಟಣೆಯಲ್ಲಿ ಚಿತ್ರಗಳು ತಡವಾಗಿ ತೆರೆದುಕೊಳ್ಳತೊಡಗುತ್ತವೆ. ವೈದ್ಯರು ವರದಿ ಬರೆಯಲು ಕಾಯುತ್ತಾರೆ. ರೋಗಿಗಳು ಹೊರಗೆ ಬೆಂಚಿನ ಮೇಲೆ ಕಾಯುತ್ತಾರೆ. ಡಿಸ್ಕುಗಳು ಹಳತಾಗಿವೆ, ಎಲ್ಲವನ್ನೂ ಎಸ್.ಎಸ್.ಡಿ.ಗೆ ಬದಲಾಯಿಸಬೇಕು ಎಂಬ ಸಲಹೆ ಬರುತ್ತದೆ. ಖರ್ಚು ಲಕ್ಷಗಳ ಲೆಕ್ಕದ್ದು. ಸಲಹೆ ಸರಿಯೋ ತಪ್ಪೋ ಎಂದು ಹೇಳಲು ಮಾಲೀಕರ ಬಳಿ ಒಂದು ಅಂಕಿಯೂ ಇಲ್ಲ. ನಿಗಾ ತಂತ್ರಾಂಶದ ಅಗತ್ಯ ಇಲ್ಲಿಂದ ಪ್ರಾರಂಭವಾಗುತ್ತದೆ.

ಪೂರ್ವಸಿದ್ಧತೆ

ಅಳವಡಿಕೆಗೆ ಮೊದಲು ಒಂದು ನೋಂದಣಿ ಪುಸ್ತಕವನ್ನು ತೆರೆಯತಕ್ಕದ್ದು. ಪ್ರತಿ ಯಂತ್ರದ ಹೆಸರು, ಐ.ಪಿ. ವಿಳಾಸ, ಕಾರ್ಯಾಚರಣ ವ್ಯವಸ್ಥೆಯ ಆವೃತ್ತಿ, ಗ್ಲಸ್ಟರ್ ಆವೃತ್ತಿ, ಬ್ರಿಕ್ ಇರುವ ಡಿಸ್ಕ್, ಅದರಲ್ಲಿ ಉಳಿದಿರುವ ಜಾಗ ಇವುಗಳನ್ನು ಅದರಲ್ಲಿ ಬರೆಯಬೇಕು. ಸಮೂಹದ ಸ್ಥಿತಿಯನ್ನು ಪರೀಕ್ಷಿಸಿ, ಎಲ್ಲ ಬ್ರಿಕ್‌ಗಳೂ ಚಾಲನೆಯಲ್ಲಿವೆಯೇ, ಹೀಲ್ ಆಗಬೇಕಾದ ಕಡತಗಳ ಸಂಖ್ಯೆ ಶೂನ್ಯವೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಈಗಾಗಲೇ ಅಸ್ವಸ್ಥವಾಗಿರುವ ಸಮೂಹದಲ್ಲಿ ಹೊಸ ತಂತ್ರಾಂಶವನ್ನು ಹಾಕಲು ಹೊರಡಬಾರದು.

ಎರಡನೆಯದು ಗಡಿಯಾರ. ಮೂರು ಸರ್ವರುಗಳ ಸಮಯ ಬೇರೆ ಬೇರೆಯಾಗಿದ್ದರೆ ಒಂದರಲ್ಲಿ 10 ಗಂಟೆ 5 ನಿಮಿಷಕ್ಕೆ ಕಂಡ ತಡೆ ಇನ್ನೊಂದರಲ್ಲಿ 10 ಗಂಟೆ 7 ನಿಮಿಷಕ್ಕೆ ಕಾಣುತ್ತದೆ. ಯಾವುದು ಕಾರಣ, ಯಾವುದು ಪರಿಣಾಮ ಎಂದು ಹೇಳಲಾಗದು. ಕ್ರೋನಿ ಎಂಬ ತಂತ್ರಾಂಶದಿಂದ ಎಲ್ಲ ಯಂತ್ರಗಳ ಸಮಯವನ್ನು ಒಂದೇ ಮೂಲಕ್ಕೆ ಜೋಡಿಸಬಹುದು. ಇದು ಕಾನೂನಿನ ಅಗತ್ಯವೂ ಹೌದು. ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನವು ಗಡಿಯಾರಗಳನ್ನು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯ ಸರ್ವರುಗಳಿಗೆ, ಇಲ್ಲವೇ ಅವುಗಳನ್ನು ಅನುಸರಿಸುವ ಸರ್ವರುಗಳಿಗೆ ಹೊಂದಿಸಬೇಕೆಂದೂ, ವ್ಯವಸ್ಥೆಯ ಲಾಗ್ ದಾಖಲೆಗಳನ್ನು 180 ದಿನಗಳ ಕಾಲ ಕಾಪಾಡಬೇಕೆಂದೂ ವಿಧಿಸುತ್ತದೆ. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳಿಗೆ ಈ ನಿರ್ದೇಶನವನ್ನು ಜಾರಿಗೊಳಿಸಲು 2022ರ ಸೆಪ್ಟೆಂಬರ್ 25ರವರೆಗೆ ಕಾಲಾವಕಾಶ ನೀಡಲಾಗಿತ್ತು.

ಮೂರನೆಯದು ಸಂಗ್ರಾಹಕ ಯಂತ್ರ. ಅಳತೆಗಳನ್ನು ಒಟ್ಟುಗೂಡಿಸುವ ಯಂತ್ರವು ಸಮೂಹದ ಹೊರಗಿರಬೇಕು. ಸಮೂಹದ ಡಿಸ್ಕಿನಲ್ಲಿಯೇ ಅಳತೆಗಳನ್ನಿಟ್ಟರೆ, ಸಮೂಹ ಕೆಟ್ಟ ದಿನ ಕೆಟ್ಟುದಕ್ಕೆ ಕಾರಣ ಹೇಳುವ ಪುರಾವೆಯೂ ಅದರೊಡನೆಯೇ ಹೋಗುತ್ತದೆ. ಸಾಧಾರಣ ಡೆಸ್ಕ್‌ಟಾಪ್ ಯಂತ್ರವೊಂದು ಈ ಕೆಲಸಕ್ಕೆ ಸಾಕು; ಆದರೆ ಅದು ಯು.ಪಿ.ಎಸ್.ಗೆ ಜೋಡಣೆಯಾಗಿರಬೇಕು.

ಮೊದಲ ಹಂತ: ಸಿಸ್‌ಸ್ಟಾಟ್

ಪ್ರತಿ ಯಂತ್ರದಲ್ಲಿಯೂ ಮೊದಲಿಗೆ ಸಿಸ್‌ಸ್ಟಾಟ್ ಎಂಬ ಪ್ಯಾಕೇಜನ್ನು ಅಳವಡಿಸಬೇಕು. ಪ್ರೊಸೆಸರ್, ಮೆಮೊರಿ, ಡಿಸ್ಕ್ ಮತ್ತು ಜಾಲದ ಅಳತೆಗಳನ್ನು ಇದು ಯಂತ್ರದಲ್ಲಿಯೇ ಬರೆದಿಡುತ್ತದೆ. ಜಾಲ ಕಡಿದುಹೋದಾಗಲೂ ಈ ದಾಖಲೆ ಉಳಿಯುತ್ತದೆ.

ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಡೆಬಿಯನ್ ಬಳಗದ ವ್ಯವಸ್ಥೆಗಳಲ್ಲಿ ಪ್ಯಾಕೇಜನ್ನು ಹಾಕಿದ ಮಾತ್ರಕ್ಕೆ ದಾಖಲೆ ಬರೆಯುವಿಕೆ ಪ್ರಾರಂಭವಾಗದಿರಬಹುದು. ಸಂರಚನಾ ಕಡತದಲ್ಲಿ ಅದನ್ನು ಸಕ್ರಿಯಗೊಳಿಸಬೇಕು. ಎರಡನೆಯದಾಗಿ, ಸಾಮಾನ್ಯ ಸಂರಚನೆಯಲ್ಲಿ ದಾಖಲೆಯ ಅಂತರ 10 ನಿಮಿಷ. ಆ ಅವಧಿಯಲ್ಲಿ ಡಿಸ್ಕು ಒಂದು ನಿಮಿಷ ಪೂರ್ಣವಾಗಿ ತುಂಬಿಕೊಂಡಿದ್ದು ಉಳಿದ ಒಂಬತ್ತು ನಿಮಿಷ ಖಾಲಿ ಇದ್ದರೆ ಸರಾಸರಿಯಲ್ಲಿ ಕಾಣುವುದು ಶೇಕಡಾ 10 ಮಾತ್ರ. ರೋಗಿಯನ್ನು ಕಾಯಿಸಿದ ಆ ಒಂದು ನಿಮಿಷ ಲೆಕ್ಕದಲ್ಲಿ ಮಾಯವಾಗುತ್ತದೆ. ಆದುದರಿಂದ ಅಂತರವನ್ನು ಒಂದು ನಿಮಿಷಕ್ಕೆ ಇಳಿಸುವುದು ಯುಕ್ತ.

ಎರಡನೆಯ ಹಂತ: ನೋಡ್ ಎಕ್ಸ್‌ಪೋರ್ಟರ್

ಅಳತೆಗಳನ್ನು ಒಂದೆಡೆ ನೋಡಲು ಪ್ರೊಮಿಥಿಯಸ್ ಎಂಬ ಮುಕ್ತ ತಂತ್ರಾಂಶವನ್ನು ಬಳಸಬಹುದು. ಇದು 2012ರಲ್ಲಿ ಸೌಂಡ್‌ಕ್ಲೌಡ್ ಸಂಸ್ಥೆಯಲ್ಲಿ ಹುಟ್ಟಿತು. ಪ್ರತಿ ಯಂತ್ರದಲ್ಲಿ ನೋಡ್ ಎಕ್ಸ್‌ಪೋರ್ಟರ್ ಎಂಬ ಪುಟ್ಟ ಕಾರ್ಯಕ್ರಮ ಇರುತ್ತದೆ. ಕೇಂದ್ರದಲ್ಲಿರುವ ಪ್ರೊಮಿಥಿಯಸ್ ನಿಗದಿತ ಅಂತರದಲ್ಲಿ ಅದರ ಬಳಿ ಹೋಗಿ ಅಳತೆಗಳನ್ನು ಕೇಳಿ ತರುತ್ತದೆ.

ಕೈಯಾರೆ ಅಳವಡಿಸುವ ಕ್ರಮ ಹೀಗಿದೆ:

1. ಅಂತರಜಾಲ ಸಂಪರ್ಕವಿರುವ ಬೇರೊಂದು ಯಂತ್ರದಲ್ಲಿ ಸರ್ವರಿನ ಪ್ರೊಸೆಸರ್ ಬಗೆಗೆ ಹೊಂದುವ ಕಡತಕಟ್ಟನ್ನು ಇಳಿಸಿಕೊಂಡು, ಪ್ರಕಾಶಕರು ಕೊಟ್ಟಿರುವ ಪರಿಶೀಲನಾ ಮೊತ್ತದೊಡನೆ ಹೋಲಿಸಿ ನೋಡಬೇಕು. ಹೊಂದದಿದ್ದರೆ ಬಳಸಬಾರದು.
2. ಸರ್ವರಿನಲ್ಲಿ ಈ ಕಾರ್ಯಕ್ರಮಕ್ಕೆಂದೇ ಲಾಗಿನ್ ಅಧಿಕಾರವಿಲ್ಲದ ಪ್ರತ್ಯೇಕ ಬಳಕೆದಾರನನ್ನು ಸೃಷ್ಟಿಸಬೇಕು. ನಿಗಾ ತಂತ್ರಾಂಶವನ್ನು ರೂಟ್ ಅಧಿಕಾರದಲ್ಲಿ ನಡೆಸಬಾರದು.
3. ಕಾರ್ಯಕ್ರಮದ ಕಡತವನ್ನು ಸ್ಥಳೀಯ ಕಾರ್ಯಕ್ರಮಗಳ ಕಡತಕೋಶಕ್ಕೆ ನಕಲು ಮಾಡಿ, ಸಿಸ್ಟಮ್‌ಡಿ ಸೇವಾ ಕಡತವೊಂದನ್ನು ಬರೆಯಬೇಕು.
4. ಸೇವೆಯನ್ನು ಆರಂಭಿಸುವುದರೊಡನೆ, ಯಂತ್ರ ಮರುಚಾಲನೆಗೊಂಡಾಗ ತಾನಾಗಿಯೇ ಎದ್ದೇಳುವಂತೆ ಸಕ್ರಿಯಗೊಳಿಸಬೇಕು. ಇವೆರಡೂ ಬೇರೆ ಬೇರೆ ಆಜ್ಞೆಗಳು. ಎರಡನೆಯದನ್ನು ಮರೆತರೆ, ವಿದ್ಯುತ್ ಕಡಿತವಾಗಿ ಯು.ಪಿ.ಎಸ್. ಬರಿದಾದ ಮೊದಲ ದಿನವೇ ನಿಗಾ ನಿಂತುಹೋಗುತ್ತದೆ.
5. ಈ ಸೇವೆಯು 9100ನೆಯ ಪೋರ್ಟಿನಲ್ಲಿ ಉತ್ತರಿಸುತ್ತದೆ. ಫೈರ್‌ವಾಲ್‌ನಲ್ಲಿ ಆ ಪೋರ್ಟನ್ನು ಸಂಗ್ರಾಹಕ ಯಂತ್ರದ ವಿಳಾಸಕ್ಕೆ ಮಾತ್ರ ತೆರೆಯಬೇಕು.
6. ಒಂದು ಸರ್ವರಿನಲ್ಲಿ ಮುಗಿಸಿ, ಒಂದು ದಿನ ಗಮನಿಸಿ, ಅನಂತರವೇ ಮುಂದಿನದಕ್ಕೆ ಹೋಗಬೇಕು. ಮೂರಕ್ಕೂ ಒಂದೇ ಸಂಜೆ ಕೈ ಹಾಕಿದರೆ, ತಪ್ಪಾದಾಗ ಮೂರೂ ಒಟ್ಟಿಗೆ ಬೀಳುವ ಸಂಭವವಿರುತ್ತದೆ.
7. ಸಮೂಹಕ್ಕೆ ಬರೆಯುವ ನಾಲ್ಕನೆಯ ಯಂತ್ರದಲ್ಲಿಯೂ ಇದನ್ನು ತಪ್ಪದೆ ಅಳವಡಿಸಬೇಕು. ಇದರ ಕಾರಣವನ್ನು ಮುಂದೆ ನೋಡಬಹುದು.

ಮೂರನೆಯ ಹಂತ: ಗ್ಲಸ್ಟರಿನ ಒಳಗಣ ಅಳತೆಗಳು

ನೋಡ್ ಎಕ್ಸ್‌ಪೋರ್ಟರ್ ಯಂತ್ರವನ್ನು ಅರಿಯುತ್ತದೆ, ಗ್ಲಸ್ಟರನ್ನು ಅರಿಯದು. ಬ್ರಿಕ್ ಚಾಲನೆಯಲ್ಲಿದೆಯೇ, ಹೀಲ್ ಆಗಬೇಕಾದ ಕಡತಗಳು ಎಷ್ಟು ಎಂಬುದನ್ನು ಗ್ಲಸ್ಟರಿನ ಆಜ್ಞೆಗಳಿಂದಲೇ ತಿಳಿಯಬೇಕು. ಈ ಆಜ್ಞೆಗಳಿಗೆ ರೂಟ್ ಅಧಿಕಾರ ಬೇಕು. ಆದ್ದರಿಂದ ಐದು ನಿಮಿಷಕ್ಕೊಮ್ಮೆ ರೂಟ್ ಅಧಿಕಾರದಲ್ಲಿ ನಡೆಯುವ ಸಣ್ಣ ಸ್ಕ್ರಿಪ್ಟೊಂದು ಸಂಖ್ಯೆಗಳನ್ನು ಒಂದು ಪಠ್ಯ ಕಡತಕ್ಕೆ ಬರೆಯುವಂತೆಯೂ, ನೋಡ್ ಎಕ್ಸ್‌ಪೋರ್ಟರ್ ಆ ಕಡತವನ್ನು ಓದಿ ಹೇಳುವಂತೆಯೂ ಏರ್ಪಡಿಸಬಹುದು. ಸ್ಕ್ರಿಪ್ಟು ಮೊದಲು ತಾತ್ಕಾಲಿಕ ಕಡತಕ್ಕೆ ಬರೆದು, ಪೂರ್ಣವಾದ ಮೇಲೆ ಹೆಸರು ಬದಲಾಯಿಸಬೇಕು. ಇಲ್ಲವಾದರೆ ಅರ್ಧ ಬರೆದ ಕಡತವನ್ನು ಓದಿ ತಪ್ಪು ಸಂಖ್ಯೆ ದಾಖಲಾಗುತ್ತದೆ. ಈ ಸ್ಕ್ರಿಪ್ಟನ್ನು ಒಂದೇ ಸರ್ವರಿನಲ್ಲಿ ನಡೆಸಬೇಕು. ಮೂರರಲ್ಲಿಯೂ ಒಂದೇ ಕ್ಷಣಕ್ಕೆ ನಡೆಸಿದರೆ ಗ್ಲಸ್ಟರಿನ ಆಜ್ಞೆಗಳು ಒಂದಕ್ಕೊಂದು ಅಡ್ಡಬಂದು ವಿಫಲವಾಗಬಹುದು.

ಇದಲ್ಲದೆ ವಾಲ್ಯೂಮ್ ‘ಪ್ರೊಫೈಲ್’ ಎಂಬ ಸೌಲಭ್ಯವಿದೆ. ಅದನ್ನು ಆರಂಭಿಸಿದಾಗ ಪ್ರತಿ ಬ್ರಿಕ್‌ನಲ್ಲಿ ಹುಡುಕುವುದು, ಸೃಷ್ಟಿಸುವುದು, ಓದುವುದು, ಬರೆಯುವುದು ಮೊದಲಾದ ಕ್ರಿಯೆಗಳು ಎಷ್ಟು ಬಾರಿ ನಡೆದವು, ಪ್ರತಿಯೊಂದಕ್ಕೂ ಸರಾಸರಿ ಹಾಗೂ ಗರಿಷ್ಠ ಎಷ್ಟು ಸಮಯ ಹಿಡಿಯಿತು ಎಂಬ ಲೆಕ್ಕ ದೊರೆಯುತ್ತದೆ. ಅಳೆಯುವ ಕೆಲಸವೂ ಯಂತ್ರಕ್ಕೆ ಒಂದು ಹೊರೆಯೇ. ಆದುದರಿಂದ ದಟ್ಟಣೆಯ ಒಂದು ಗಂಟೆ ಮಾತ್ರ ನಡೆಸಿ, ಫಲಿತಾಂಶವನ್ನು ಬರೆದಿಟ್ಟುಕೊಂಡು ನಿಲ್ಲಿಸುವುದು ಒಳಿತು.

ನಾಲ್ಕನೆಯ ಹಂತ: ಸಂಗ್ರಾಹಕ ಯಂತ್ರ

ಸಂಗ್ರಾಹಕ ಯಂತ್ರದಲ್ಲಿ ಪ್ರೊಮಿಥಿಯಸ್ ಅನ್ನು ಇದೇ ಕ್ರಮದಲ್ಲಿ ಅಳವಡಿಸಿ, ನಾಲ್ಕೂ ಯಂತ್ರಗಳ ವಿಳಾಸಗಳನ್ನು ಅದರ ಸಂರಚನಾ ಕಡತದಲ್ಲಿ ಸೇರಿಸಬೇಕು. ಅದು 9090ನೆಯ ಪೋರ್ಟಿನಲ್ಲಿ ಕೆಲಸ ಮಾಡುತ್ತದೆ. 15 ಸೆಕೆಂಡಿಗೊಮ್ಮೆ ಅಳತೆ ತಂದರೆ ದಿನಕ್ಕೆ 5,760 ಅಳತೆಗಳಾಗುತ್ತವೆ; ಸಣ್ಣ ಕಚೇರಿಗೆ ಇಷ್ಟು ಸಾಕು. ಇದರ ದತ್ತಾಂಶವನ್ನು ಯಂತ್ರದ ಸ್ವಂತ ಡಿಸ್ಕಿನಲ್ಲಿಯೇ ಇಡಬೇಕು.

ಬದಲಾಯಿಸದಿದ್ದರೆ ಪ್ರೊಮಿಥಿಯಸ್ 15 ದಿನಗಳ ಅಳತೆಗಳನ್ನು ಮಾತ್ರ ಉಳಿಸಿಕೊಳ್ಳುತ್ತದೆ. ತಿಂಗಳ ಕೊನೆಯ ದಟ್ಟಣೆಯನ್ನು ಹಿಂದಿನ ತಿಂಗಳೊಡನೆ ಹೋಲಿಸಲು ಇದು ಸಾಲದು. ಅವಧಿಯನ್ನು 180 ದಿನಗಳಿಗೆ ಏರಿಸಬಹುದು. ಚಿತ್ರರೂಪದಲ್ಲಿ ನೋಡಲು ಗ್ರಫಾನಾ ತಂತ್ರಾಂಶವನ್ನು ಸೇರಿಸಿಕೊಳ್ಳಬಹುದು. ಅದರ ಆರಂಭಿಕ ಗುಪ್ತಪದವನ್ನು ಮೊದಲ ದಿನವೇ ಬದಲಾಯಿಸತಕ್ಕದ್ದು.

ಅಂಕಿಗಳನ್ನು ಓದುವ ಬಗೆ

ಈಗ ಬನಶಂಕರಿಯ ಉದಾಹರಣೆಗೆ ಮರಳಬಹುದು. ಬೆಳಗಿನ ದಟ್ಟಣೆಯಲ್ಲಿ ಮೂರೂ ಸರ್ವರುಗಳ ಡಿಸ್ಕುಗಳು ಅರ್ಧ ಹೊತ್ತು ಖಾಲಿಯಾಗಿವೆ. ಪ್ರತಿ ಸರ್ವರಿನ ಜಾಲದಲ್ಲಿ ಒಳಬರುವುದು ಸೆಕೆಂಡಿಗೆ ಸುಮಾರು 40 ಮೆಗಾಬೈಟ್. ಜಾಲದ ಸಾಮರ್ಥ್ಯದ ಮೂರನೆಯ ಒಂದು ಭಾಗ. ಸರ್ವರುಗಳನ್ನಷ್ಟೇ ನೋಡಿದವರು ಎಲ್ಲವೂ ಕುಶಲವೆಂದೇ ಹೇಳಬೇಕು. ನಾಲ್ಕನೆಯ ಯಂತ್ರವನ್ನು ನೋಡಿದಾಗ ಮಾತ್ರ ಗುಟ್ಟು ತಿಳಿಯುತ್ತದೆ: ಅದರಿಂದ ಹೊರಹೋಗುವ ಜಾಲ ಪೂರ್ತಿ ತುಂಬಿದೆ.

ಕಾರಣ ಗ್ಲಸ್ಟರಿನ ರಚನೆಯಲ್ಲಿಯೇ ಇದೆ. ಗ್ಲಸ್ಟರಿನ ಸ್ವಂತ ಕ್ಲೈಂಟ್ ಬಳಸುವಾಗ ಮೂರು ಪ್ರತಿಗಳನ್ನು ಮಾಡುವುದು ಸರ್ವರಲ್ಲ; ಬರೆಯುವ ಯಂತ್ರವೇ ಒಂದೊಂದು ಕಡತವನ್ನೂ ಮೂರು ಬಾರಿ ಕಳುಹಿಸುತ್ತದೆ. 1 ಗಿಗಾಬಿಟ್ ಜಾಲದ ಗರಿಷ್ಠ ಸಾಮರ್ಥ್ಯ ಸೆಕೆಂಡಿಗೆ 125 ಮೆಗಾಬೈಟ್. ಅದನ್ನು ಮೂರರಿಂದ ಭಾಗಿಸಿದರೆ ಉಳಿಯುವುದು ಸುಮಾರು 41. ಒಂದು ಪ್ರತಿಯ ಲೆಕ್ಕದಲ್ಲಿ 3 ಸೆಕೆಂಡಿಗೆ ಮುಗಿಯಬೇಕಿದ್ದ 400 ಮೆಗಾಬೈಟ್‌ಗೆ ಹೆಚ್ಚುಕಡಿಮೆ 10 ಸೆಕೆಂಡು ಹಿಡಿಯುತ್ತದೆ. ಇಲ್ಲಿ ಲಕ್ಷಗಳನ್ನು ತೆತ್ತು ಎಸ್.ಎಸ್.ಡಿ. ತಂದರೂ ಬೆಂಚಿನ ಮೇಲೆ ಕುಳಿತ ರೋಗಿಗೆ ಒಂದು ಕ್ಷಣವೂ ಉಳಿಯುತ್ತಿರಲಿಲ್ಲ. ಬರೆಯುವ ಯಂತ್ರಕ್ಕೆ 10 ಗಿಗಾಬಿಟ್ ಕಾರ್ಡನ್ನೂ ಸ್ವಿಚ್ಚಿನಲ್ಲಿ ಅದಕ್ಕೆ ತಕ್ಕ ಪೋರ್ಟನ್ನೂ ಒದಗಿಸಿದರೆ, ಪ್ರತಿ ಸರ್ವರಿನ ಜಾಲವೂ ತುಂಬುವವರೆಗೆ, ಅಂದರೆ ಈಗಿನ ಮೂರು ಪಟ್ಟಿನವರೆಗೆ ವೇಗ ಏರಲು ಅವಕಾಶವಿದೆ.

ಆದರೆ ಪ್ರೊಫೈಲಿನಲ್ಲಿ ಬೇರೆ ಚಿತ್ರವೂ ಕಾಣಬಹುದು. ಒಂದೊಂದು ಪುಟ್ಟ ಕಡತಕ್ಕೂ ಹುಡುಕು, ಸೃಷ್ಟಿಸು, ಬರೆ, ಮುಚ್ಚು ಎಂದು ಆರು ಕ್ರಿಯೆಗಳಾಗುತ್ತವೆ, ಪ್ರತಿಯೊಂದಕ್ಕೂ 5 ಮಿಲಿಸೆಕೆಂಡು ಬೇಕು, ಕಡತಗಳು ಒಂದರ ಹಿಂದೆ ಒಂದರಂತೆ ಹೋಗುತ್ತವೆ ಎಂದಿಟ್ಟುಕೊಂಡರೆ, 800 ಕಡತಗಳಿಗೆ 4,800 ಕ್ರಿಯೆಗಳು, 24 ಸೆಕೆಂಡುಗಳು. ಆಗ ಜಾಲವೂ ಖಾಲಿ ಕಾಣುತ್ತದೆ. ಇಂತಹ ಸ್ಥಿತಿಯಲ್ಲಿ ಅಗಲವಾದ ಜಾಲದಿಂದ ಹೆಚ್ಚಿನ ಪ್ರಯೋಜನವಿಲ್ಲ. ಹಳೆಯ ಪರೀಕ್ಷೆಗಳ ಕಡತಗಳನ್ನು ಒಂದೊಂದು ಕಟ್ಟಾಗಿ ಸೇರಿಸಿಡುವುದು, ಹಲವು ಕಡತಗಳನ್ನು ಏಕಕಾಲಕ್ಕೆ ಕಳುಹಿಸುವುದು ಮೊದಲಾದ ಉಪಾಯಗಳು ಫಲಕಾರಿ. ತಡ ಒಂದೇ ಬಗೆಯದಾಗಿ ಕಂಡರೂ ಅದರ ಮೂಲ ಬೇರೆ, ಅದರ ಮದ್ದು ಬೇರೆ. ಅಳೆಯದೆ ಮದ್ದು ಕೊಳ್ಳಬಾರದು.

ಎಚ್ಚರಿಕೆಯ ಗಂಟೆಗಳು

ಮೊದಲ ಎರಡು ವಾರ ಯಾವ ಎಚ್ಚರಿಕೆಯನ್ನೂ ಇಡದೆ ಸಾಧಾರಣ ದಿನದ ಅಂಕಿಗಳನ್ನು ಸಂಗ್ರಹಿಸುವುದು ಉತ್ತಮ. ಅನಂತರ ಕೆಲವನ್ನು ಮಾತ್ರ ಆರಿಸಿಕೊಳ್ಳಬೇಕು: ಯಾವುದೇ ಯಂತ್ರ ಐದು ನಿಮಿಷ ಉತ್ತರಿಸದಿರುವುದು; ಬ್ರಿಕ್ ನಿಂತಿರುವುದು; ಹೀಲ್ ಸಂಖ್ಯೆ ಅರ್ಧ ಗಂಟೆಯಾದರೂ ಇಳಿಯದಿರುವುದು; ಬ್ರಿಕ್‌ನ ಜಾಗ ಶೇಕಡಾ 80 ತುಂಬಿರುವುದು; ಡಿಸ್ಕಿನ ಸರಾಸರಿ ಕಾಯುವಿಕೆ ಸಾಧಾರಣ ದಿನದ ಮೂರು ಪಟ್ಟಾಗಿರುವುದು. ದಿನಕ್ಕೆ ಐವತ್ತು ಬಾರಿ ಬಾರಿಸುವ ಗಂಟೆಗೆ ಯಾರೂ ಕಿವಿಗೊಡುವುದಿಲ್ಲ.

ಇವುಗಳಲ್ಲಿ ಎರಡನೆಯದು ಅತ್ಯಂತ ಮುಖ್ಯ. ಮೂರು ಪ್ರತಿಗಳ ಸಮೂಹದಲ್ಲಿ ಒಂದು ಬ್ರಿಕ್ ನಿಂತರೂ ಕಚೇರಿಯ ಕೆಲಸ ಎಂದಿನಂತೆ ನಡೆಯುತ್ತದೆ. ವಾರಗಟ್ಟಲೆ ಯಾರಿಗೂ ತಿಳಿಯದಿರಬಹುದು. ಎರಡನೆಯ ಸರ್ವರಿನ ಡಿಸ್ಕು ಕೆಟ್ಟ ದಿನವೇ ಮೊದಲನೆಯದರ ಸುದ್ದಿ ಹೊರಬೀಳುತ್ತದೆ. ಆಗ ಇತ್ತೀಚಿನ ಕೆಲಸದ ಪೂರ್ಣ ಪ್ರತಿ ಒಂದೇ ಡಿಸ್ಕಿನಲ್ಲಿ ಉಳಿದಿರುತ್ತದೆ. ಮೂರು ಪ್ರತಿಗಳಿಗೆ ಹಣ ತೆತ್ತು ಒಂದೇ ಪ್ರತಿಯ ಭರವಸೆಯಲ್ಲಿ ವ್ಯಾಪಾರ ನಡೆಸಿದಂತಾಗುತ್ತದೆ.

ಪರೀಕ್ಷೆ ಮತ್ತು ದಾಖಲೆ

ಅಳವಡಿಕೆ ಮುಗಿಯಿತೆಂದು ಹೇಳುವ ಮೊದಲು ಎರಡು ಪರೀಕ್ಷೆಗಳನ್ನು ನಡೆಸಬೇಕು. ಮೊದಲನೆಯದಾಗಿ, ಒಂದು ಸರ್ವರಿನ ನೋಡ್ ಎಕ್ಸ್‌ಪೋರ್ಟರನ್ನು ಬೇಕೆಂದೇ ನಿಲ್ಲಿಸಿ, ಎಚ್ಚರಿಕೆಯು ಸಂಬಂಧಿಸಿದವರ ದೂರವಾಣಿಗೆ ತಲುಪುವುದೇ ಎಂದು ನೋಡಬೇಕು. ಎರಡನೆಯದಾಗಿ, ರಜಾದಿನವೊಂದರಲ್ಲಿ ಒಂದು ಸರ್ವರನ್ನು ಮರುಚಾಲನೆಗೊಳಿಸಿ, ಗ್ಲಸ್ಟರ್, ಸಿಸ್‌ಸ್ಟಾಟ್ ಮತ್ತು ನೋಡ್ ಎಕ್ಸ್‌ಪೋರ್ಟರ್ ಮೂರೂ ತಾವಾಗಿಯೇ ಎದ್ದವೇ ಎಂದು ಪರಿಶೀಲಿಸಬೇಕು. ಹೀಲ್ ಸಂಖ್ಯೆ ಮತ್ತೆ ಶೂನ್ಯಕ್ಕೆ ಬರುವವರೆಗೆ ಇನ್ನೊಂದು ಸರ್ವರನ್ನು ಮುಟ್ಟಬಾರದು. ಈ ನಿಯಮಕ್ಕೆ ವಿನಾಯಿತಿ ಇಲ್ಲ.

ಕೊನೆಯದಾಗಿ, ಮಾಡಿದ ಕೆಲಸವನ್ನೆಲ್ಲ ದಿನಾಂಕದೊಡನೆ ನೋಂದಣಿ ಪುಸ್ತಕದಲ್ಲಿ ಬರೆದು, ಅದರ ಒಂದು ಪ್ರತಿಯನ್ನು ಮಾಲೀಕರ ಬಳಿ ಇಡಬೇಕು. ಅಳವಡಿಸಿದ ತಂತ್ರಜ್ಞ ನಾಳೆ ಬೇರೆ ಕೆಲಸಕ್ಕೆ ಹೋಗಬಹುದು. ಆತನ ನೆನಪಿನಲ್ಲಿ ಮಾತ್ರ ಉಳಿದ ವ್ಯವಸ್ಥೆ ಆತನೊಡನೆಯೇ ಹೊರಟುಹೋಗುತ್ತದೆ. ಇಲ್ಲಿ ಹೇಳಿದ ತಂತ್ರಾಂಶಗಳೆಲ್ಲವೂ ಉಚಿತವಾಗಿ ದೊರೆಯುವಂತಹವು. ಬೇಕಾದುದು ಕೆಲವು ದಿನಗಳ ಶ್ರದ್ಧೆ. ಅಂಗಡಿಯ ಲೆಕ್ಕವನ್ನು ಪ್ರತಿ ಸಂಜೆ ನೋಡುವ ಉದ್ದಿಮೆದಾರರು ವಾರಕ್ಕೊಮ್ಮೆಯಾದರೂ ಈ ಅಂಕಿಗಳ ಮೇಲೆ ಕಣ್ಣಾಡಿಸುವ ರೂಢಿಯನ್ನು ಬೆಳೆಸಿಕೊಂಡರೆ, ಮುಂದಿನ ಖರೀದಿಯ ಸಲಹೆ ಬಂದಾಗ ಅದನ್ನು ತೂಗಿ ನೋಡುವ ತಕ್ಕಡಿ ಅವರ ಕೈಯಲ್ಲಿಯೇ ಇರುತ್ತದೆ.